ನಡುಗಡ್ಡೆಯ ಹತ್ತಿಯೂ ನಮ್ಮ ಒಕ್ಕಲುತನವೂ

ದೂರದ ಸಮುದ್ರದ ನಡುಗಡ್ಡೆಯೊಂದರಲ್ಲಿ ಬೆಳೆಯುವ ಕಾಡುಹತ್ತಿಗೆ ಪಂಡಿತರು ಯಾವ ಹೆಸರನ್ನಿಟ್ಟರೆ ನಮ್ಮ ರೈತನಿಗೆ ಆಗಬೇಕಾದುದೇನೆಂದು ಕೆಲವರು ಕೇಳುವುದುಂಟು. ಪ್ರಶ್ನೆಯು ಸಹಜವಾದುದೇ. ಉತ್ತರವನ್ನು ಹತ್ತಿಯ ಕುಲದಲ್ಲಿಯೇ ಕಾಣಬಹುದು.

ಶಾಂತಸಾಗರದ ವೇಕ್ ಎಂಬ ಹವಳದ್ವೀಪದಲ್ಲಿ ಒಂದು ಕಾಡುಹತ್ತಿಯು ಬೆಳೆಯುವುದು. ಅದನ್ನು ಬಹುಕಾಲ ಗಾಸಿಪಿಯಮ್ ಹಿರ್ಸುಟಮ್, ಎಂದರೆ ನಾವು ಬೆಳೆಯುವ ಅಮೆರಿಕನ್ ಹತ್ತಿಯ ಒಂದು ಬಗೆಯೆಂದೇ ಎಣಿಸಿದ್ದರು. ಡಿ.ಎನ್.ಎ.ಯನ್ನು ಹೋಲಿಸಿ ನೋಡಲಾಗಿ ಅದು ಬೇರೆಯೇ ಪ್ರಭೇದವೆಂದು ತಿಳಿದುಬಂದು, 2017ರಲ್ಲಿ ಗಾಸಿಪಿಯಮ್ ಸ್ಟೀಫೆನ್ಸೈ ಎಂಬ ಹೆಸರನ್ನು ಪಡೆಯಿತು. ಗಿಡದ ಆಕಾರವು ನೆಲ, ಗಾಳಿ, ನೀರುಗಳಿಗೆ ತಕ್ಕಂತೆ ಮಾರ್ಪಡುವುದು, ಡಿ.ಎನ್.ಎ.ಯಾದರೋ ತಲೆತಲಾಂತರದಿಂದ ಇಳಿದುಬಂದ ವಂಶಪತ್ರಿಕೆ. ಎರಡು ಗಿಡಗಳ ಪತ್ರಿಕೆಗಳಲ್ಲಿ ವ್ಯತ್ಯಾಸವು ಹೆಚ್ಚಿದಷ್ಟೂ ಅವು ಅಗಲಿ ಹೆಚ್ಚು ಕಾಲವಾಯಿತೆಂದು ತಿಳಿಯಬಹುದು.

ಇದರಿಂದ ಪ್ರಯೋಜನವೇನು? ಹವಾಯಿ ದ್ವೀಪಗಳ ಗಾಸಿಪಿಯಮ್ ಟೊಮೆಂಟೋಸಮ್ ಎಂಬ ಹತ್ತಿಯನ್ನು ನೋಡಿರಿ. ಅದರ ಅರಳೆಯು ಗಿಡ್ಡ, ಕಂದು, ನೂಲಿಗೆ ಬಾರದು. ಆದರೆ ಅದರ ಎಲೆಯಲ್ಲಿ ಕೀಟಗಳನ್ನು ಸೆಳೆಯುವ ಮಧುಗ್ರಂಥಿಗಳಿಲ್ಲ. ಅಮೆರಿಕನ್ ಹತ್ತಿಯಂತೆ ಅದಕ್ಕೂ 52 ವರ್ಣತಂತುಗಳಿರುವುದರಿಂದ ಸಂಕರವು ಸುಲಭವಾಗಿ, ಈ ಗುಣವನ್ನು ಬೆಳೆಯ ಹತ್ತಿಗೆ ತಂದರು. ಇವೆರಡೂ ಹತ್ತಿರದ ಬಂಧುಗಳೆಂಬುದನ್ನು ಡಿ.ಎನ್.ಎ. ಪರೀಕ್ಷೆಯೂ ಸ್ಥಿರಪಡಿಸಿದೆ. ನಮ್ಮ ಧಾರವಾಡದಲ್ಲಿ 1972ರಲ್ಲಿ ಹೊರಬಂದ ವರಲಕ್ಷ್ಮಿಯೂ ಹಿರ್ಸುಟಮ್, ಬಾರ್ಬಡೆನ್ಸ್ ಎಂಬ ಎರಡು ಪ್ರಭೇದಗಳ ಸಂಕರವೇ ಅಲ್ಲವೆ? ಬಂಧುತ್ವವನ್ನರಿಯದೆ ಸಂಕರಕ್ಕೆ ಕೈಹಾಕುವುದು ಕುರುಡುನಡೆ.

ಡಿ.ಎನ್.ಎ. ಒಂದನ್ನೇ ನಂಬಿ ಕಣ್ಣು ಮುಚ್ಚುವುದೂ ಸಲ್ಲದು. ಹತ್ತಿಯ ಹಸಿರು ಕಣಗಳ ಡಿ.ಎನ್.ಎ. ತಾಯಿಯಿಂದ ಮಾತ್ರ ಬರುವುದು. ಹಿಂದೆ ಬೆರಕೆಯಾಗಿದ್ದರೆ ಅದೊಂದೇ ಅರ್ಧ ಕಥೆಯನ್ನು ಹೇಳೀತು. ಗಲಾಪಗೋಸ್ ದ್ವೀಪಗಳ ಕಾಡುಹತ್ತಿಯಲ್ಲಿ ಬೆಳೆಯ ಹತ್ತಿಯ ಬೆರಕೆಯು ಕಂಡುಬಂದಿರುವುದುಂಟು. ಆದುದರಿಂದ ಜೀವಕೋಶದ ಬೇರೆಬೇರೆ ಭಾಗಗಳ ಸಾಕ್ಷ್ಯವನ್ನೂ, ಹೊಲದಲ್ಲಿ ಗಿಡವನ್ನು ಕಂಡವರ ಟಿಪ್ಪಣಿಯನ್ನೂ ಒಟ್ಟುಗೂಡಿಸಿ ತೀರ್ಮಾನಿಸತಕ್ಕದ್ದು.

ತಪ್ಪು ಹೆಸರಿನ ಬೀಜವನ್ನು "ಇದು ನಮ್ಮಲ್ಲಿದೆ" ಎಂದು ಬದಿಗೊತ್ತುವುದು ಸುಲಭ. ಹಾಗೆ ಕಳೆದುಹೋದ ಗುಣವು ಮರಳಿ ದೊರೆಯಲಾರದು. ವೇಕ್ ದ್ವೀಪವು ತಗ್ಗಾದ ಕಿರುನೆಲ. ಅಲೆಗಳು ಏರಿದರೆ ಅಲ್ಲಿನ ಹತ್ತಿಗೆ ಬೇರೆ ಆಶ್ರಯವೆಲ್ಲಿ? ಆದಕಾರಣ ಬೀಜಸಂಗ್ರಹಗಳಲ್ಲಿ ಕಾಡುಬಂಧುಗಳ ಹೆಸರನ್ನು ಡಿ.ಎನ್.ಎ.ಯಿಂದ ಪರೀಕ್ಷಿಸಿ, ದೊರೆತ ಸ್ಥಳವನ್ನೂ ಬರೆದಿಡುವುದು ಅವಶ್ಯಕವೆಂದು ನಮ್ಮ ಅಭಿಪ್ರಾಯ. ಇದಕ್ಕೆ ತಗಲುವ ವೆಚ್ಚವು ದುಂದಲ್ಲ. ಮುಂದಿನ ಬಿತ್ತನೆಗೆ ಕಾದಿಟ್ಟ ಕಾಳು.