ಒಂದೇ ನಿಜವಾದ ಚರ್ಚು ಮತ್ತು ಅದರ ಬೀಗದ ಕೈ

ನಮ್ಮ ಟೀಮಿನಲ್ಲಿ ಕೇರಳದ ನಾಲ್ಕು ಜನ ಕ್ರಿಶ್ಚಿಯನ್ನರಿದ್ದಾರೆ. ಭಾನುವಾರ ಬಂತೆಂದರೆ ನಾಲ್ವರೂ ಬೆಂಗಳೂರಿನ ನಾಲ್ಕು ಬೇರೆ ಬೇರೆ ಚರ್ಚುಗಳಿಗೆ ಹೋಗುತ್ತಾರೆ. ಒಬ್ಬ ಸಿರೋ-ಮಲಬಾರ್ ಕ್ಯಾಥೊಲಿಕ್, ಒಬ್ಬ ಮಾರ್ ತೋಮಾ, ಒಬ್ಬಳು ಯಾಕೋಬಾಯ, ಇನ್ನೊಬ್ಬ ಆರ್ಥೊಡಾಕ್ಸ್. ನಿಮ್ಮ ಚರ್ಚನ್ನು ಶುರು ಮಾಡಿದ್ದು ಯಾರು ಅಂತ ಕೇಳಿ ನೋಡಿ, ನಾಲ್ವರದ್ದೂ ಒಂದೇ ಉತ್ತರ. ಯೇಸುವಿನ ಶಿಷ್ಯ ಸಂತ ಥಾಮಸ್ ಕ್ರಿ.ಶ. 52ರಲ್ಲಿ ಕೊಡುಂಗಲ್ಲೂರಿನ ಹತ್ತಿರ ಹಡಗಿನಿಂದ ಇಳಿದು ಶುರು ಮಾಡಿದ್ದಂತೆ. ಹಡಗು ಒಂದೇ, ಇಳಿದವನೂ ಒಬ್ಬನೇ, ಚರ್ಚು ಮಾತ್ರ ನಾಲ್ಕು :) (ಲೆಕ್ಕ ಸರಿಯಾಗಿ ಹಾಕಿದರೆ ನಾಲ್ಕಕ್ಕೂ ಜಾಸ್ತಿ ಇವೆ. ಆ ಪಟ್ಟಿ ಈಗ ಬೇಡ.)

ನಾನು ಕ್ರಿಶ್ಚಿಯನ್ ಅಲ್ಲ. ಹಾಗಾಗಿ ಇವರಲ್ಲಿ ಯಾರು ಸರಿ ಅಂತ ಹೇಳುವ ಉಸಾಬರಿ ನನಗ್ಯಾಕೆ ಅಂತ ನೀವು ಕೇಳಬಹುದು. ನಿಜ. ಆದರೆ ಈ ಪ್ರಶ್ನೆಗೆ ತೀರ್ಪು ಕೊಡುತ್ತಾ ಬಂದವರೆಲ್ಲ ಹೊರಗಿನವರೇ. ಅದನ್ನು ಹೇಳೋಕೇ ಇಷ್ಟುದ್ದ ಬರೀತಿದೀನಿ.

"ನಮ್ಮದೊಂದೇ ನಿಜವಾದ ಚರ್ಚು" ಅನ್ನೋ ಮಾತು ಹೊಸದೇನಲ್ಲ. 1302ರಲ್ಲಿ ಪೋಪ್ ಎಂಟನೇ ಬೋನಿಫೇಸ್, ಯಾರಿಗೇ ಮೋಕ್ಷ ಬೇಕಿದ್ದರೂ ರೋಮಿನ ಪೋಪನಿಗೆ ಅಧೀನರಾಗಿರಲೇಬೇಕು ಅಂತ ಶಾಸನ ಹೊರಡಿಸಿದ. ಈ ತತ್ವವನ್ನು ಅಕ್ಷರಶಃ ನಂಬಿದ ಅಮೆರಿಕದ ಲೆನರ್ಡ್ ಫೀನಿ ಎಂಬ ಪಾದ್ರಿ, ಬಾಸ್ಟನ್ನಿನಲ್ಲಿ ಕ್ಯಾಥೊಲಿಕ್ ಅಲ್ಲದವರು ಯಾರಿಗೂ ಮೋಕ್ಷವಿಲ್ಲ ಅಂತ ಸಾರುತ್ತಾ ಹೊರಟ. ಮೇಲಿನವರು ಕರೆದರು, ಹೋಗಲಿಲ್ಲ. 1953ರಲ್ಲಿ ಅವನನ್ನೇ ಚರ್ಚಿನಿಂದ ಬಹಿಷ್ಕರಿಸಿದರು! ಕಾಗದದ ಮೇಲಿನ ಕಾರಣ ಅವಿಧೇಯತೆ. ಆದರೂ, ಚರ್ಚಿನ ಹೊರಗೆ ಮೋಕ್ಷವಿಲ್ಲ ಅಂತ ಅತಿಯಾಗಿ ಹೇಳಿದವನು ಚರ್ಚಿನಿಂದ ಹೊರಗೆ. ಇದಕ್ಕಿಂತ ಚಂದದ ಇನ್‌ಫೈನೈಟ್ ಲೂಪ್ ನಾನಂತೂ ನೋಡಿಲ್ಲ.

ಆಮೇಲೆ 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಭಾಷೆಯನ್ನು ಮೆದುಗೊಳಿಸಿತು. ಕ್ರಿಸ್ತನ ಚರ್ಚು ಅಂದರೆ ಕ್ಯಾಥೊಲಿಕ್ ಚರ್ಚೇ ಅನ್ನುವ ಬದಲು, ಅದು ಕ್ಯಾಥೊಲಿಕ್ ಚರ್ಚಿನಲ್ಲಿ ನೆಲೆಸಿದೆ ಅನ್ನೋ ಅರ್ಥ ಬರುವ ಕ್ರಿಯಾಪದ ಹಾಕಿದರು. ಒಂದು ಕ್ರಿಯಾಪದ. ಅದರ ಮೇಲೆ ದಶಕಗಟ್ಟಲೆ ಚರ್ಚೆ. 2000ದಲ್ಲಿ ಮತ್ತು ಪುನಃ 2007ರಲ್ಲಿ ವ್ಯಾಟಿಕನ್ ಸ್ಪಷ್ಟನೆ ಕೊಟ್ಟಿತು. ಪೂರ್ವದ ಆರ್ಥೊಡಾಕ್ಸ್ ಚರ್ಚುಗಳು ನಿಜವಾದ ಚರ್ಚುಗಳೇ, ಆದರೆ ಏನೋ ಕೊರತೆ ಇದೆ. ಪ್ರಾಟೆಸ್ಟೆಂಟರದ್ದು ಸರಿಯಾದ ಅರ್ಥದಲ್ಲಿ ಚರ್ಚೇ ಅಲ್ಲ, ಸಮುದಾಯಗಳು. ಇದಕ್ಕೆ ಸಿಟ್ಟಾದವರು ಬಹಳ ಮಂದಿ. ಹಾಗಂತ ರೋಮ್ ಒಂದನ್ನೇ ಬಯ್ಯುವುದೂ ತಪ್ಪು. ಆರ್ಥೊಡಾಕ್ಸರ ಲೆಕ್ಕದಲ್ಲಿ ಆ ಒಂದೇ ಚರ್ಚು ತಮ್ಮದು, ಕೈಬಿಟ್ಟು ಹೋದದ್ದು ರೋಮ್.

ಇಲ್ಲೊಂದು ಮಾತನ್ನು ಅವರ ಪರವಾಗಿ ಹೇಳಲೇಬೇಕು. ನಮ್ಮ ಕಡೆಯ ಜನ ತಕ್ಷಣ "ಎಲ್ಲಾ ನದಿಗಳೂ ಸಮುದ್ರಕ್ಕೇ ಸೇರೋದು" ಅಂದುಬಿಡುತ್ತೇವೆ. ಅದು ಉತ್ತರ ಅಲ್ಲ, ಪ್ರಶ್ನೆಯಿಂದ ತಪ್ಪಿಸಿಕೊಳ್ಳೋ ಉಪಾಯ. ಯೇಸು ಒಂದೇ ಚರ್ಚನ್ನು ಸ್ಥಾಪಿಸಿದ, ಅದು ಅಳಿಯುವುದಿಲ್ಲ ಅಂತ ಮಾತು ಕೊಟ್ಟ ಅಂತ ಒಬ್ಬ ನಂಬಿದರೆ, ಆ ಚರ್ಚು ಇವತ್ತೂ ಎಲ್ಲೋ ಇರಲೇಬೇಕು ಅನ್ನೋದು ತರ್ಕಬದ್ಧವೇ. ಅದರಲ್ಲಿ ದುರಹಂಕಾರ ಏನೂ ಇಲ್ಲ. ತೊಂದರೆ ಶುರುವಾಗೋದು ಮುಂದಿನ ಹೆಜ್ಜೆಯಲ್ಲಿ. ಎಲ್ಲೋ ಇದೆ ಸರಿ, ಅದು ನಿಮ್ಮದೇ ಅಂತ ಹೇಗೆ ಗೊತ್ತು?

ಅದಕ್ಕೆ ಕೊಡುವ ಮುಖ್ಯ ಪುರಾವೆ ಪರಂಪರೆ. ನಮ್ಮ ಬಿಷಪ್ಪಿನ ತಲೆಯ ಮೇಲೆ ಕೈಯಿಟ್ಟವರ ತಲೆಯ ಮೇಲೆ ಕೈಯಿಟ್ಟವರು... ಹೀಗೇ ಹಿಂದೆ ಹಿಂದೆ ಹೋದರೆ ಯೇಸುವಿನ ಶಿಷ್ಯರು ಸಿಗುತ್ತಾರೆ ಅಂತ. ನಮ್ಮ ಕೆಲಸದವರಿಗೆ ಇದು ಬೇಗ ಅರ್ಥವಾಗುತ್ತೆ. ಬ್ರೌಸರ್ ಒಂದು ವೆಬ್‌ಸೈಟನ್ನು ನಂಬೋದೂ ಹೀಗೇ. ಸರ್ಟಿಫಿಕೇಟಿನ ಮೇಲೊಂದು ಸರ್ಟಿಫಿಕೇಟ್, ಕೊನೆಗೊಂದು ರೂಟ್. ಆದರೆ ಆ ರೂಟನ್ನು ಯಾರು ಪ್ರಮಾಣೀಕರಿಸ್ತಾರೆ? ಯಾರೂ ಇಲ್ಲ. ಅದು ತನಗೆ ತಾನೇ ಸಹಿ ಹಾಕಿಕೊಂಡಿರುತ್ತೆ. ಬ್ರೌಸರ್ ಮಾಡಿದವರು ಮೊದಲೇ ಅದನ್ನು ನಂಬಿಕೆಯ ಪಟ್ಟಿಗೆ ಸೇರಿಸಿರ್ತಾರೆ, ಅಷ್ಟೇ. ಚರ್ಚಿನ ವಿಷಯದಲ್ಲಿ ಆ ಪಟ್ಟಿ ನೀವು ಯಾವ ಮನೆಯಲ್ಲಿ ಹುಟ್ಟಿದಿರಿ ಅನ್ನೋದರ ಮೇಲೆ ನಿಂತಿರುತ್ತೆ.

ಇದು ಬರೀ ತರ್ಕವಾಗಿ ಉಳಿಯದೆ ರಸ್ತೆಗೆ ಬಂದಾಗ ಏನಾಗುತ್ತೆ ಅಂತ ನೋಡೋಕೆ ಕೇರಳಕ್ಕಿಂತ ಒಳ್ಳೆ ಜಾಗ ಇಲ್ಲ.

ಪೋರ್ಚುಗೀಸರು ಬರುವ ಮೊದಲು ಅಲ್ಲಿನ ಕ್ರಿಶ್ಚಿಯನ್ನರಿಗೆ ಬಿಷಪ್ಪರು ಬರುತ್ತಿದ್ದದ್ದು ಪರ್ಷಿಯಾ ಕಡೆಯ ಪೂರ್ವ ಚರ್ಚಿನಿಂದ. ಪೂಜೆ ಸಿರಿಯಾಕ್ ಭಾಷೆಯಲ್ಲಿ. 1599ರಲ್ಲಿ ಗೋವಾದ ಆರ್ಚ್‌ಬಿಷಪ್ ಮೆನೆಜಿಸ್ ಉದಯಂಪೇರೂರಿನಲ್ಲಿ ಸಭೆ ಕರೆದು, ನಿಮ್ಮ ಪುಸ್ತಕಗಳಲ್ಲಿ ನೆಸ್ಟೋರಿಯಸನ ಪಾಷಂಡ ಮತ ತುಂಬಿದೆ ಅಂತ ಹೇಳಿ ಎಷ್ಟೋ ಸಿರಿಯಾಕ್ ಗ್ರಂಥಗಳನ್ನು ಸುಡಿಸಿದ. ಐವತ್ತು ವರ್ಷ ಸಹಿಸಿಕೊಂಡರು. ಪಶ್ಚಿಮ ಏಷ್ಯಾದಿಂದ ಬಂದ ಅಹತಲ್ಲಾ ಎಂಬ ಬಿಷಪ್ಪನನ್ನು ಪೋರ್ಚುಗೀಸರು ಹಿಡಿದಿಟ್ಟರು, ಸಮುದ್ರಕ್ಕೆ ತಳ್ಳಿ ಕೊಂದರು ಅಂತ ಸುದ್ದಿ ಹಬ್ಬಿದಾಗ ಕಟ್ಟೆಯೊಡೆಯಿತು. 1653ರ ಜನವರಿ 3ರಂದು ಮಟ್ಟಾಂಚೇರಿಯಲ್ಲಿ ಶಿಲುಬೆಗೆ ಹಗ್ಗ ಕಟ್ಟಿ, ಆ ಹಗ್ಗ ಹಿಡಿದು, ಇನ್ನು ಜೆಸುಯಿಟ್ ಪಾದ್ರಿಗಳ ಮಾತು ಕೇಳುವುದಿಲ್ಲ ಅಂತ ಶಪಥ ಮಾಡಿದರು. ಜನ ಎಳೆದ ರಭಸಕ್ಕೆ ಶಿಲುಬೆಯೇ ಬಾಗಿತಂತೆ. ಅದೇ ಕೂನನ್ ಕುರಿಶು, ಅಂದರೆ ಗೂನು ಶಿಲುಬೆ.

ಅದೇ ವರ್ಷ ಆಲಂಗಾಡಿನಲ್ಲಿ ಹನ್ನೆರಡು ಪಾದ್ರಿಗಳು ಸೇರಿ ತಮ್ಮ ಆರ್ಚ್‌ಡೀಕನ್ ಥಾಮಸನ ತಲೆಯ ಮೇಲೆ ಕೈಯಿಟ್ಟು ಅವನನ್ನೇ ಬಿಷಪ್ ಅಂತ ಘೋಷಿಸಿದರು. ಬಿಷಪ್ಪೇ ಇಲ್ಲದೆ ಬಿಷಪ್ಪನ ದೀಕ್ಷೆ! ಸರ್ಟಿಫಿಕೇಟ್ ಸರಪಳಿ ಅಲ್ಲೇ ಕಡಿಯಿತಲ್ಲ. ರೋಮ್ ಕಾರ್ಮೆಲೈಟರನ್ನು ಕಳಿಸಿ ಹೆಚ್ಚಿನ ಚರ್ಚುಗಳನ್ನು ವಾಪಸ್ ಒಲಿಸಿಕೊಂಡಿತು. ಉಳಿದವರು 1665ರಲ್ಲಿ ಬಂದ ಅಂತಿಯೋಕ್ಯ ಪರಂಪರೆಯ ಬಿಷಪ್ಪನನ್ನು ಆಶ್ರಯಿಸಿದರು. ತಮಾಷೆ ನೋಡಿ, ಕ್ರಿಸ್ತನ ಸ್ವಭಾವದ ಬಗ್ಗೆ ಪರ್ಷಿಯಾದವರದ್ದು ಒಂದು ತುದಿಯ ವಾದವಾದರೆ ಅಂತಿಯೋಕ್ಯದವರದ್ದು ಇನ್ನೊಂದು ತುದಿಯದ್ದು. ಒಬ್ಬರಿಗೆ ಇನ್ನೊಬ್ಬರು ಪಾಷಂಡಿಗಳು. ಆ ಸಮುದಾಯ ಒಂದು ತುದಿಯಿಂದ ಹೊರಟು, ರೋಮ್ ದಾಟಿ, ಇನ್ನೊಂದು ತುದಿಗೆ ಬಂದು ನಿಂತಿತು. ಅಲ್ಲಿನ ಸಾಮಾನ್ಯ ರೈತನಿಗೆ ಇದರಲ್ಲಿ ಎಷ್ಟು ಗೊತ್ತಾಗಿರಬಹುದು ಹೇಳಿ?

ಈಗ ಹೊರಗಿನವರ ವಿಷಯಕ್ಕೆ ಬರ್ತೀನಿ. 1808ರಲ್ಲಿ ಅಲ್ಲಿನ ಮೆಟ್ರೊಪಾಲಿಟನ್ ಹೆಸರಿನಲ್ಲಿ 3000 ಸ್ಟಾರ್ ಪಗೋಡಗಳನ್ನು ಬ್ರಿಟಿಷರ ಬಳಿ ಶೇಕಡಾ 8ರ ಶಾಶ್ವತ ಬಡ್ಡಿಗೆ ಇಟ್ಟರು. ವಟ್ಟಿಪಣಂ ಅಂತ ಹೆಸರು, ಬಡ್ಡಿ ಹಣ. ಬಡ್ಡಿ ಯಾರಿಗೆ ಕೊಡಬೇಕು? ನಿಜವಾದ ಮೆಟ್ರೊಪಾಲಿಟನ್ನಿಗೆ. ಅದು ಯಾರು? ಅಲ್ಲೇ ಇರೋದು ಕಷ್ಟ. ಇಂಗ್ಲಿಷ್ ಮಿಷನರಿಗಳ ಪ್ರಭಾವದ ಸುಧಾರಣಾವಾದಿಗಳಿಗೂ ಅಂತಿಯೋಕ್ಯದ ಪಕ್ಷದವರಿಗೂ ನಡೆದ ಮೊಕದ್ದಮೆಯನ್ನು 1889ರಲ್ಲಿ ತೀರ್ಮಾನಿಸಿದ್ದು ತಿರುವಾಂಕೂರಿನ ಹಿಂದೂ ರಾಜರ ನ್ಯಾಯಾಲಯ. ಮೂವರಲ್ಲಿ ಇಬ್ಬರು ಹಿಂದೂ ನ್ಯಾಯಾಧೀಶರು ಅಂತಿಯೋಕ್ಯ ಪಕ್ಷದ ಪರ, ಆಂಗ್ಲ ನ್ಯಾಯಾಧೀಶ ಒಬ್ಬನೇ ವಿರುದ್ಧ. ಸೋತವರೇ ಇವತ್ತಿನ ಮಾರ್ ತೋಮಾ ಚರ್ಚು. ಗೆದ್ದವರೂ ಒಂದಾಗಿ ಉಳಿಯಲಿಲ್ಲ. 1912ರಲ್ಲಿ ಅಂತಿಯೋಕ್ಯದ ಪೇಟ್ರಿಯಾರ್ಕ್ ಅಬ್ದುಲ್ ಮಸೀಹ್ ಕೇರಳಕ್ಕೆ ಬಂದು, ಇಲ್ಲಿಗೇ ಒಂದು ಕ್ಯಾಥೊಲಿಕೋಸ್ ಪೀಠ ಮಾಡಿಕೊಟ್ಟರು. ಆದರೆ ಆಟೊಮನ್ ಸುಲ್ತಾನ ಅದಕ್ಕೂ ಮೊದಲೇ ಅವರ ಮಾನ್ಯತೆ ತೆಗೆದು ಅಬ್ದುಲ್ಲಾ ಎಂಬ ಇನ್ನೊಬ್ಬರಿಗೆ ಕೊಟ್ಟಿದ್ದ. ಹಾಗಾದರೆ ಆ ಪೀಠ ಊರ್ಜಿತವೋ ಅಲ್ಲವೋ? ಕ್ರೈಸ್ತ ಧರ್ಮಗುರುವಿನ ಆಶೀರ್ವಾದಕ್ಕೆ ಬಲ ಇದೆಯೋ ಇಲ್ಲವೋ ಅನ್ನೋ ವಾದದಲ್ಲಿ ಇಸ್ತಾಂಬುಲಿನ ಸುಲ್ತಾನನ ಫರ್ಮಾನು ಬಂದು ಕೂತಿತು. ಪಾಪ ಬ್ರಿಟಿಷ್ ಸರ್ಕಾರ, ಬಡ್ಡಿ ಯಾರಿಗೆ ಕೊಡಬೇಕು ಅಂತ ತಿಳಿಯದೆ 1913ರಲ್ಲಿ ತಾನೇ ಕೋರ್ಟಿಗೆ ಹೋಯಿತು. ಆ ಮೊಕದ್ದಮೆ 1928ರವರೆಗೂ ನಡೆಯಿತು.

ಮುಂದಿನದ್ದು ನಮ್ಮ ಸುಪ್ರೀಂ ಕೋರ್ಟಿನ ಸರದಿ. 1958, 1995, ಆಮೇಲೆ 2017ರ ಜುಲೈ 3. ನಡುವೆ 2002ರಲ್ಲಿ ಚರ್ಚಿನ ಚುನಾವಣೆ ನಡೆದಾಗ ಕೋರ್ಟು ನೇಮಿಸಿದ ವೀಕ್ಷಕರು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ. ಎಸ್. ಮಳಿಮಠರು. ಒಬ್ಬ ಮಳಿಮಠರು ಕ್ರೈಸ್ತ ಮೆಟ್ರೊಪಾಲಿಟನ್ ಚುನಾವಣೆ ಸರಿಯಾಗಿ ನಡೆಯಿತೇ ಅಂತ ನೋಡಲು ಪರುಮಲಕ್ಕೆ ಹೋದದ್ದು ನನಗೇಕೋ ಬಹಳ ಇಷ್ಟವಾದ ಸಂಗತಿ. 2017ರ ತೀರ್ಪು ಹೇಳಿದ್ದಿಷ್ಟು: ಮಲಂಕರ ಚರ್ಚಿನ ಪ್ಯಾರಿಷ್‌ಗಳು ನಡೆಯಬೇಕಾದದ್ದು 1934ರ ಸಂವಿಧಾನದ ಪ್ರಕಾರ. ಅಂದರೆ ಆರ್ಥೊಡಾಕ್ಸರು ಗೆದ್ದರು, ಯಾಕೋಬಾಯರು ಸೋತರು. ಗಮನಿಸಿ, ಯಾರ ಚರ್ಚು ದೇವರಿಗೆ ಹತ್ತಿರ ಅಂತ ಕೋರ್ಟು ಹೇಳಲಿಲ್ಲ, ಹೇಳೋಕೂ ಆಗಲ್ಲ. ಯಾವ ಬೈಲಾ ಪ್ರಕಾರ ನಡೆಯಬೇಕು ಅಂತ ಹೇಳಿತು. ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿಗೆ ಹೇಳುವ ಹಾಗೆ.

ನನಗೆ ನಿಜವಾಗಿ ಕಾಡೋದು ಬೇರೆ. 1984ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅಂತಿಯೋಕ್ಯದ ಪೇಟ್ರಿಯಾರ್ಕ್ ಝಕ್ಕಾ ಜೊತೆ, 1994ರಲ್ಲಿ ಪೂರ್ವ ಚರ್ಚಿನ ಮಾರ್ ದಿನ್ಖಾ ಜೊತೆ ಜಂಟಿ ಘೋಷಣೆಗೆ ಸಹಿ ಹಾಕಿದರು. ಕ್ರಿಸ್ತನ ಬಗ್ಗೆ ನಮ್ಮ ನಂಬಿಕೆ ಮೂಲದಲ್ಲಿ ಒಂದೇ, ಹಳೆಯ ಜಗಳಗಳಲ್ಲಿ ಹೆಚ್ಚಿನದ್ದು ಪದಬಳಕೆಯ ವ್ಯತ್ಯಾಸ ಅನ್ನೋದು ಅವುಗಳ ಸಾರಾಂಶ. ಹಾಗಾದರೆ 1599ರಲ್ಲಿ ಸುಟ್ಟ ಪುಸ್ತಕಗಳು? 395 ವರ್ಷದ ನಂತರ ಪರವಾಗಿಲ್ಲ ಅಂದದ್ದಾಯಿತು, ಬೂದಿ ಮಾತ್ರ ವಾಪಸ್ ಪುಸ್ತಕವಾಗಲ್ಲ. ಇನ್ನೊಂದು ಕಡೆ ಯಾಕೋಬಾಯ ಮತ್ತು ಆರ್ಥೊಡಾಕ್ಸ್. ಇವರಿಬ್ಬರ ವಿಶ್ವಾಸದಲ್ಲಿ ಒಂದಕ್ಷರ ವ್ಯತ್ಯಾಸ ಇಲ್ಲ. ಅದೇ ಪೂಜೆ, ಅದೇ ಸಿರಿಯಾಕ್ ರಾಗ, ಪಾದ್ರಿಗಳಿಗೆ ಅದೇ ಕಪ್ಪು ಟೋಪಿ. ಸಿದ್ಧಾಂತ ಬೇರೆ ಇದ್ದವರು ರೋಮಿನಲ್ಲಿ ಕೈಕುಲುಕಿದರು, ಸಿದ್ಧಾಂತ ಒಂದೇ ಇದ್ದವರ ನಡುವೆ ಪಿರವಂ ಚರ್ಚಿನ ಬಾಗಿಲಲ್ಲಿ 2019ರಲ್ಲಿ ಪೊಲೀಸರು ನಿಂತರು. ಸತ್ಯ ಯಾವುದು ಅನ್ನೋದೇ ಜಗಳವಾಗಿದ್ದರೆ ಇದು ತಲೆಕೆಳಗಾಗಿರಬೇಕಿತ್ತಲ್ಲವೇ?

1970ರಲ್ಲಂತೂ ಪೇಟ್ರಿಯಾರ್ಕ್ ಮೂರನೇ ಯಾಕೂಬ್ ಕೇರಳದ ಕ್ಯಾಥೊಲಿಕೋಸರಿಗೆ ಬರೆದ ಪತ್ರದಲ್ಲಿ ಸಂತ ಥಾಮಸ್ ಪಾದ್ರಿಯೂ ಆಗಿರಲಿಲ್ಲ, ಅವನ ಹೆಸರಿನಲ್ಲಿ ಸಿಂಹಾಸನ ಎಲ್ಲಿಂದ ಬಂತು ಅಂತ ಕೇಳಿಬಿಟ್ಟರು. ಬೈಬಲಿನ ಪ್ರಕಾರ ಯೇಸು ಪುನರುತ್ಥಾನದ ನಂತರ ಮೊದಲ ಸಲ ಶಿಷ್ಯರ ಮೇಲೆ ಉಸಿರೂದಿ ಪವಿತ್ರಾತ್ಮ ಕೊಟ್ಟಾಗ ಥಾಮಸ್ ಅಲ್ಲಿರಲಿಲ್ಲ. ವಾದ ನಿಂತಿರೋದು ಅದರ ಮೇಲೆ. ಆವತ್ತು ಗೈರುಹಾಜರಾದ್ದಕ್ಕೆ ಪಾಪ ಆ ಥಾಮಸನಿಗೆ ಸುಮಾರು 1940 ವರ್ಷದ ನಂತರ ಅಟೆಂಡೆನ್ಸ್ ಶಾರ್ಟೇಜ್!

ನಮ್ಮ ಕರಾವಳಿಯಲ್ಲೂ ಇದರ ಒಂದು ಕೊಂಬೆ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಉಡುಪಿ ಹತ್ತಿರದ ಬ್ರಹ್ಮಾವರದಲ್ಲಿ ಕೊಂಕಣಿ ಮಾತಾಡುವ ಆರ್ಥೊಡಾಕ್ಸ್ ಕ್ರಿಶ್ಚಿಯನ್ನರಿದ್ದಾರೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ, ಕ್ಯಾಥೊಲಿಕರೊಳಗೇ ಪೋರ್ಚುಗಲ್ ರಾಜನ ಅಧಿಕಾರವೋ ರೋಮಿನ ನೇರ ಅಧಿಕಾರವೋ ಅನ್ನೋ ಜಗಳ ನಡೆದಾಗ, ಅಲ್ವಾರಿಸ್ ಎಂಬ ಗೋವಾದ ಪಾದ್ರಿ ಬೇಸತ್ತು ಹೊರಬಂದು 1889ರಲ್ಲಿ ಕೋಟ್ಟಯಂನಲ್ಲಿ ಬಿಷಪ್ ಆದರು. ಬ್ರಹ್ಮಾವರದಲ್ಲಿ ನೊರೊನ್ಹಾ ಎಂಬ ಪಾದ್ರಿ ಅವರ ಜೊತೆ ನಿಂತರು. ಊರು, ಭಾಷೆ, ಅಡುಗೆ ಯಾವುದೂ ಬದಲಾಗಲಿಲ್ಲ, ಚರ್ಚು ಬದಲಾಯಿತು. ಪೋರ್ಚುಗಲ್ಲಿನ ರಾಜನೂ ಇಲ್ಲ, ಆ ಜಗಳವೂ ಈಗ ಯಾರಿಗೂ ಬೇಕಿಲ್ಲ, ಚರ್ಚುಗಳು ಮಾತ್ರ ಎರಡಾಗೇ ಉಳಿದಿವೆ.

ಇಷ್ಟೆಲ್ಲ ಓದಿ ನಗು ಬಂದರೆ ತಪ್ಪಿಲ್ಲ. ನನಗೆ ನಗು ನಿಂತಿದ್ದು ಸ್ಮಶಾನದ ವಿಷಯ ಓದಿದಾಗ. 2017ರ ತೀರ್ಪಿನ ನಂತರ ಚರ್ಚಿನ ಕೀಲಿಯ ಜೊತೆ ಅದರ ಸ್ಮಶಾನದ ಗೇಟಿನ ಕೀಲಿಯೂ ಕೈ ಬದಲಾಯಿತು. ಅಜ್ಜ ಅಜ್ಜಿ, ಗಂಡ, ಮಗು ಎಲ್ಲಾ ಮಲಗಿರುವ ಜಾಗ ಅದು. ಅಲ್ಲಿಗೆ ಯಾಕೋಬಾಯ ಮನೆಯ ಹೆಣ ಬಂದರೆ, ನಮ್ಮ ಪಾದ್ರಿಯೇ ಪ್ರಾರ್ಥನೆ ಮಾಡಬೇಕು ಅಂತ ಇವರು, ಆಗಲ್ಲ ಅಂತ ಅವರು. 2019ರಲ್ಲಿ ಒಂದು ಕಡೆ ವೃದ್ಧೆಯೊಬ್ಬರ ಶವ ಒಂದು ತಿಂಗಳಿಗೂ ಹೆಚ್ಚು ಕಾಲ ಮಣ್ಣಾಗದೆ ಕಾಯಿತು. ಇಷ್ಟಕ್ಕೂ ಆ ಎರಡೂ ಪಾದ್ರಿಗಳು ಹೇಳುತ್ತಿದ್ದ ಪ್ರಾರ್ಥನೆ ಒಂದೇ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ತನ್ನದೇ ನಿಜವಾದ ಚರ್ಚು ಅಂತ ಒಂದು ಚರ್ಚು ತನ್ನ ಗೋಡೆಯೊಳಗೆ ಹೇಳಿಕೊಳ್ಳಲಿ, ನಂಬಿಕೆ ಅಂದರೆ ಅದೇ. ಅದನ್ನು ಒಪ್ಪದವನ ಮೇಲೆ ಚಲಾಯಿಸುವ ಹಕ್ಕಾಗಿ ಮಾತ್ರ ಅದನ್ನು ಬಳಸುವಂತಿಲ್ಲ. ಯಾಕಂದರೆ ಆ ಹಕ್ಕಿಗೆ ಬೇಕಾದ ಪುರಾವೆ ಯಾವ ಚರ್ಚಿನ ಬಳಿಯೂ ಇಲ್ಲ. ಇದ್ದಿದ್ದರೆ ಸುಲ್ತಾನ, ಮಹಾರಾಜ, ಬ್ರಿಟಿಷ್ ಸರ್ಕಾರ, ಸುಪ್ರೀಂ ಕೋರ್ಟು ಅಂತ ಇಷ್ಟೊಂದು ಬಾಗಿಲು ತಟ್ಟಬೇಕಿರಲಿಲ್ಲ. ಜೆರುಸಲೇಮಿನಲ್ಲಿ ಯೇಸುವಿನ ಸಮಾಧಿ ಇದೆ ಅಂತ ನಂಬುವ ಚರ್ಚನ್ನು ಆರು ಪಂಗಡಗಳು ಹಂಚಿಕೊಂಡಿವೆ. 2008ರಲ್ಲಿ ಅಲ್ಲಿ ಗ್ರೀಕ್ ಮತ್ತು ಆರ್ಮೇನಿಯನ್ ಸನ್ಯಾಸಿಗಳು ಹೊಡೆದಾಡಿಕೊಂಡು ಪೊಲೀಸರು ಬರಬೇಕಾಯಿತು. ಅದರ ಮುಖ್ಯ ಬಾಗಿಲಿನ ಬೀಗದ ಕೈ ಇರೋದು ಒಂದು ಮುಸ್ಲಿಂ ಕುಟುಂಬದ ಹತ್ತಿರ, ಬಾಗಿಲು ತೆಗೆಯೋದು ಇನ್ನೊಂದು ಮುಸ್ಲಿಂ ಕುಟುಂಬ. ಶತಮಾನಗಳಿಂದ ಹಾಗೇ ನಡೆದಿದೆ.

ಕೇರಳದಲ್ಲೂ ಕೊನೆಗೆ ಆದದ್ದು ಅದೇ ರೀತಿ. 2020ರಲ್ಲಿ ವಿಧಾನಸಭೆ ಒಂದು ಕಾಯ್ದೆ ಮಾಡಿತು. ಯಾವ ಬಣದವರಾದರೂ ತಮ್ಮ ಕುಟುಂಬದ ಪ್ಯಾರಿಷ್ ಸ್ಮಶಾನದಲ್ಲಿ ಶವ ಹೂಳಬಹುದು, ಪ್ರಾರ್ಥನೆಯನ್ನು ತಮಗೆ ಬೇಕಾದ ಪಾದ್ರಿಯಿಂದ ಬೇರೆಡೆ ಮಾಡಿಸಿಕೊಳ್ಳಬಹುದು. ಜಗಳವಂತೂ ಮುಗಿದಿಲ್ಲ. 2025ರ ಮಾರ್ಚಿನಲ್ಲಿ ಬೈರೂತ್ ಹತ್ತಿರ ಯಾಕೋಬಾಯರಿಗೆ ಹೊಸ ಕ್ಯಾಥೊಲಿಕೋಸರ ದೀಕ್ಷೆ ಆಯಿತು, ಆರ್ಥೊಡಾಕ್ಸರು ಒಪ್ಪಲಿಲ್ಲ, ಇಬ್ಬರು ಕ್ಯಾಥೊಲಿಕೋಸರ ಹೆಸರೂ ಬಸೇಲಿಯೋಸ್ ಅಂತಲೇ ಶುರುವಾಗುತ್ತೆ. ಹೆಣಗಳು ಮಾತ್ರ ಈಗ ಮೊದಲಿನಷ್ಟು ದಿನ ಕಾಯಬೇಕಿಲ್ಲ.