ಕಾಸಿಗೆ ಒಡೆಯರು, ಅಪಘಾತಕ್ಕೆ ಅಪರಿಚಿತರು

ನಾವು ಮೊಬೈಲಿನಲ್ಲಿ ಟ್ಯಾಕ್ಸಿ ಬುಕ್ ಮಾಡುತ್ತೇವೆ. ಬರುವ ಡ್ರೈವರನ ಹೆಸರೇನು, ಕಾರಿನ ನಂಬರೇನು, ಎಷ್ಟು ನಿಮಿಷದಲ್ಲಿ ಬರುತ್ತಾನೆ, ಎಷ್ಟು ಕೊಡಬೇಕು ಎಂಬುದನ್ನೆಲ್ಲ ಕಂಪನಿಯೇ ಹೇಳುತ್ತದೆ. ಮಳೆ ಬಂದಾಗ ದರ ಏರಿಸುವುದೂ ಅದೇ, ಹೋಗಬೇಕಾದ ದಾರಿ ತೋರಿಸುವುದೂ ಅದೇ. ಡ್ರೈವರನ ದುಡಿಮೆಯಿಂದ ಕಮಿಷನ್ನೋ ದಿನದ ಚಂದಾವೋ ಕಿತ್ತುಕೊಳ್ಳುವುದೂ ಅದೇ. ನಾಲ್ಕು ಜನ ಕಡಿಮೆ ಸ್ಟಾರ್ ಕೊಟ್ಟರೆ ಅವನ ಐಡಿ ಬ್ಲಾಕ್ ಮಾಡಿ ಬೀದಿಗೆ ತಳ್ಳುವುದೂ ಅದೇ. ಇಷ್ಟೆಲ್ಲ ಬಲ್ಲ ಈ ಸರ್ವಜ್ಞ ಕಂಪನಿಗೆ, ಅದೇ ಕಾರು ಲಾರಿಗೆ ಗುದ್ದಿ ಹಿಂದಿನ ಸೀಟಿನಲ್ಲಿದ್ದವರು ಹೆಣವಾದ ಕ್ಷಣದಿಂದ ನೆನಪೇ ಹಾರಿಹೋಗುತ್ತದೆ. ಕಾರು ನಮ್ಮದಲ್ಲ, ಡ್ರೈವರ್ ನಮ್ಮ ನೌಕರನಲ್ಲ, ನಾವು ಬರೀ ಸಾಫ್ಟ್‌ವೇರ್ ಒದಗಿಸುವವರು ಎಂದು ಅದು ಕೈತೊಳೆದುಕೊಳ್ಳುತ್ತದೆ.

ಈ ಮಾತನ್ನು ನಾವು ಒಪ್ಪಬೇಕೆ? ಸುಗ್ಗಿಯಲ್ಲಿ ರಾಶಿಯ ಮುಂದೆ ಒಡೆಯನಾಗಿ ನಿಂತವನು ಬರಗಾಲದಲ್ಲಿ ದಾರಿಹೋಕನಾಗಲು ಸಾಧ್ಯವೆ?

ನಮ್ಮ ಕಾನೂನು ಏನು ಹೇಳುತ್ತದೆಂದು ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪಘಾತದ ಪರಿಹಾರಕ್ಕೆ ಹೊಣೆಗಾರರು ಮೂವರು: ಡ್ರೈವರ್, ವಾಹನದ ಮಾಲೀಕ, ವಿಮಾ ಕಂಪನಿ. ಈ ಕಾಯ್ದೆ ಬಂದಾಗ ಆ್ಯಪ್ ಎಂಬ ಪದವೇ ನಮಗೆ ಗೊತ್ತಿರಲಿಲ್ಲ. ಊಬರ್ ಬೆಂಗಳೂರಿಗೆ ಕಾಲಿಟ್ಟಿದ್ದು 2013ರಲ್ಲಿ. 2019ರ ತಿದ್ದುಪಡಿಯಲ್ಲಿ ಇಂಥ ಕಂಪನಿಗಳಿಗೆ 'ಅಗ್ರಿಗೇಟರ್' ಎಂದು ಹೆಸರಿಟ್ಟು, ಸರ್ಕಾರದ ಲೈಸೆನ್ಸ್ ಕಡ್ಡಾಯ ಮಾಡಲಾಯಿತು. ಅಂದರೆ ವ್ಯಾಪಾರ ನಡೆಸಲು ಕಾನೂನಿನಲ್ಲಿ ಅವರಿಗೊಂದು ಕುರ್ಚಿ ಹಾಕಲಾಯಿತು. ಆದರೆ ಪರಿಹಾರ ಕೊಡಬೇಕಾದವರ ಸಾಲಿನಲ್ಲಿ ಅವರನ್ನು ನಿಲ್ಲಿಸುವ ಒಂದು ಸ್ಪಷ್ಟ ವಾಕ್ಯ ಬರೆಯಲು ನಮ್ಮ ಸಂಸತ್ತಿಗೆ ಮನಸ್ಸಾಗಲಿಲ್ಲ.

ವಿಮೆ ಇದೆಯಲ್ಲ, ಕಂಪನಿಯ ಹಂಗೇಕೆ ಎಂದು ಕೇಳುವವರಿದ್ದಾರೆ. ಎಲ್ಲ ಕಾಗದಪತ್ರಗಳು ಸರಿಯಿದ್ದಾಗ ಈ ಮಾತು ನಿಜ. ಆದರೆ ವಿಮೆಯ ಅವಧಿ ಮುಗಿದಿದ್ದರೆ? ಪರ್ಮಿಟ್ ಇಲ್ಲದಿದ್ದರೆ? ಸ್ವಂತ ಬಳಕೆಯ ವೈಟ್ ಬೋರ್ಡ್ ಗಾಡಿ ಬಾಡಿಗೆಗೆ ಓಡುತ್ತಿದ್ದರೆ? ಆಗ ವಿಮಾ ಕಂಪನಿಯ ವಕೀಲರು ಷರತ್ತು ಮುರಿದಿದ್ದಾರೆ, ನಾವು ಕೊಡುವುದಿಲ್ಲ ಎಂದು ವಾದಿಸುತ್ತಾರೆ. ಇಂಥ ಹಲವು ಪ್ರಕರಣಗಳಲ್ಲಿ ಕೋರ್ಟುಗಳು, ಮೊದಲು ನೀವು ಕೊಡಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಿ ಎಂದು ವಿಮಾ ಕಂಪನಿಗೆ ಆದೇಶಿಸುತ್ತವೆ. ಈ 'ಮಾಲೀಕ' ಯಾರು? ಸಾಲದಲ್ಲಿ ಕಾರು ತೆಗೆದು, ತಿಂಗಳ ಕಂತು ಕಟ್ಟಲು ಹಗಲೂರಾತ್ರಿ ಓಡಿಸುವ ಬಡಪಾಯಿ. ಲಕ್ಷಾಂತರ ರೂಪಾಯಿಯನ್ನು ಅವನಿಂದ ವಸೂಲಿ ಮಾಡಬೇಕಂತೆ! ಕಾರನ್ನು ಅಟ್ಯಾಚ್ ಮಾಡಿಕೊಳ್ಳುವಾಗ ಆ ಕಾಗದಪತ್ರಗಳನ್ನೆಲ್ಲ ನೋಡಬೇಕಾಗಿದ್ದ ಕಂಪನಿಯ ಕೂದಲೂ ಕೊಂಕುವುದಿಲ್ಲ.

ನ್ಯಾಯದ ದಾರಿಯೇ ಇಲ್ಲವೆಂದಲ್ಲ. ರಾಜಸ್ಥಾನದ ರಸ್ತೆ ಸಾರಿಗೆ ನಿಗಮ ಒಂದು ಖಾಸಗಿ ಬಸ್ಸನ್ನು ಬಾಡಿಗೆಗೆ ಪಡೆದು ಓಡಿಸುತ್ತಿತ್ತು. ಬಸ್ಸೂ ಖಾಸಗಿಯವರದು, ಡ್ರೈವರನೂ ಅವರವನೇ. ಆದರೆ ಕಂಡಕ್ಟರ್ ನಿಗಮದವನು, ಡ್ರೈವರ್ ಅವನ ಮಾತಿನಂತೆ ನಡೆಯಬೇಕಿತ್ತು. ಅಪಘಾತವಾದಾಗ ನಿಗಮ ನಾವು ಮಾಲೀಕರಲ್ಲ ಎಂದಿತು. ಸುಪ್ರೀಂ ಕೋರ್ಟು 1997ರಲ್ಲಿ ಈ ವಾದವನ್ನು ತಳ್ಳಿಹಾಕಿತು. ವಾಹನ ಯಾರ ಹತೋಟಿಯಲ್ಲಿ ಓಡುತ್ತಿದೆಯೋ ಅವರೂ ಹೊಣೆಗಾರರೇ ಎಂಬುದು ಆ ತೀರ್ಪಿನ ತಿರುಳು. ಇಂದಿನ ಆ್ಯಪ್ ಆ ಕಂಡಕ್ಟರನಲ್ಲದೆ ಮತ್ತೇನು? ಶಿಳ್ಳೆ ಹಾಕುವುದಿಲ್ಲ ಎಂಬುದೊಂದೇ ವ್ಯತ್ಯಾಸ.

ನಮ್ಮ ಹೈಕೋರ್ಟಿನಲ್ಲೂ ಈ ಚರ್ಚೆ ಎದ್ದಿದೆ. ಅದು ಅಪಘಾತದ ಪ್ರಕರಣವಲ್ಲ, ಡ್ರೈವರನ ಅಸಭ್ಯ ವರ್ತನೆಯ ವಿರುದ್ಧ ಮಹಿಳೆಯೊಬ್ಬರು ತಂದ ಪ್ರಕರಣ. 2024ರ ಸೆಪ್ಟೆಂಬರಿನಲ್ಲಿ ಏಕಸದಸ್ಯ ಪೀಠವು, ತಾನು ಬರೀ ಮಧ್ಯವರ್ತಿ ಎಂಬ ಓಲಾದ ವಾದವನ್ನು ಒಪ್ಪದೆ ಆಕೆಗೆ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಮರುತಿಂಗಳೇ ವಿಭಾಗೀಯ ಪೀಠ ಅದಕ್ಕೆ ತಡೆಯಾಜ್ಞೆ ನೀಡಿತು. ನೊಂದವರು ಹೀಗೆ ಒಂದೊಂದೇ ಮೆಟ್ಟಿಲು ಹತ್ತುತ್ತಾ ಇಳಿಯುತ್ತಾ ಇರಬೇಕೆ? ಶಾಸನಸಭೆಗಳು ಮಾಡಬೇಕಾದ ಕೆಲಸವನ್ನು ಗಾಯಾಳುಗಳ ಹೆಗಲಿಗೆ ಹೊರಿಸುವುದು ಯಾವ ನ್ಯಾಯ?

ಈ ಕಂಪನಿಗಳ ತವರಾದ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, 2013ರ ಕೊನೆಯ ರಾತ್ರಿ ಆ್ಯಪ್ ಟ್ಯಾಕ್ಸಿಯೊಂದಕ್ಕೆ ಸಿಕ್ಕಿ ಆರು ವರ್ಷದ ಹೆಣ್ಣುಮಗುವೊಂದು ಸತ್ತಿತು. ಆಗ ಕಾರಿನಲ್ಲಿ ಪ್ರಯಾಣಿಕರಿರಲಿಲ್ಲ, ಆದ್ದರಿಂದ ನಮಗೆ ಸಂಬಂಧವಿಲ್ಲ ಎಂದು ಕಂಪನಿ ಹೇಳಿತು. ಜನ ಕೆರಳಿದರು. 2014ರಲ್ಲಿ ಅಲ್ಲಿ ಕಾನೂನೇ ಬಂತು. ಡ್ರೈವರ್ ಆ್ಯಪ್ ತೆರೆದು ಬಾಡಿಗೆಗಾಗಿ ಕಾಯುತ್ತಿರುವಾಗ ಒಂದು ಮಟ್ಟದ ವಿಮೆ, ಬಾಡಿಗೆ ಒಪ್ಪಿಕೊಂಡ ಕ್ಷಣದಿಂದ ಪ್ರಯಾಣಿಕ ಇಳಿಯುವವರೆಗೆ 10 ಲಕ್ಷ ಡಾಲರಿನ ವಿಮೆ. ಅಲ್ಲಿ ಸಾಧ್ಯವಾದದ್ದು ಇಲ್ಲಿ ಏಕಾಗದು? ನಮ್ಮ ಜೀವ ಅಷ್ಟು ಅಗ್ಗವೆ?

ಜೀವದ ಬೆಲೆಯ ಮಾತು ಬಂತು. ನಮ್ಮ ಜನ ಮೋಸಹೋಗುವುದು ಇಲ್ಲಿಯೇ. ತಿಂಗಳಿಗೆ 15 ಸಾವಿರ ದುಡಿಯುವ, 32 ವರ್ಷದ ಒಬ್ಬ ದರ್ಜಿ ಸತ್ತನೆಂದು ಇಟ್ಟುಕೊಳ್ಳಿ. ಅವನನ್ನು ನಂಬಿದವರು ನಾಲ್ವರು. ಸುಪ್ರೀಂ ಕೋರ್ಟು 2009 ಮತ್ತು 2017ರಲ್ಲಿ ಹಾಕಿಕೊಟ್ಟ ಸೂತ್ರದಂತೆ, ಮುಂದಿನ ದಿನಗಳಲ್ಲಿ ಹೆಚ್ಚಬಹುದಾದ ದುಡಿಮೆಗೆಂದು ಶೇಕಡಾ 40 ಸೇರಿಸಬೇಕು: 21 ಸಾವಿರ. ಅವನ ಸ್ವಂತ ಖರ್ಚಿಗೆ ಕಾಲುಭಾಗ ಕಳೆದರೆ 15,750. ವರ್ಷಕ್ಕೆ 1,89,000. ಅವನ ವಯಸ್ಸಿಗೆ ಗುಣಕ 16. ಒಟ್ಟು 30,24,000 ರೂಪಾಯಿ. ಇತರ ಬಾಬತ್ತುಗಳು ಬೇರೆ.

ಆ ವಿಧವೆಗೆ ಈ ಲೆಕ್ಕವನ್ನು ಯಾರೂ ಹೇಳುವುದಿಲ್ಲ. ಶವಾಗಾರದ ಬಾಗಿಲಲ್ಲೇ ಯಾರೋ 'ಹಿತೈಷಿ' ಎರಡು ಲಕ್ಷ ಹಿಡಿದು ಪ್ರತ್ಯಕ್ಷನಾಗುತ್ತಾನೆ, ಸ್ಟಾಂಪ್ ಪೇಪರಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ. ಕಾನೂನಿನೊಳಗೂ ಒಂದು ಬಲೆಯಿದೆ. ತಪ್ಪು ಯಾರದೆಂದು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಸಿಗುವಂತೆ ತಿದ್ದುಪಡಿಯಾದ 164ನೇ ಕಲಮು ಹೇಳುತ್ತದೆ. ಒಳ್ಳೆಯದೇ. ಆದರೆ ನಿಗದಿತ ಕ್ರಮದಂತೆ ಅದನ್ನು ಸ್ವೀಕರಿಸಿದರೆ ನ್ಯಾಯಮಂಡಳಿಯ ಮುಂದಿರುವ ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತದೆ. 30 ಲಕ್ಷದ ಹಕ್ಕು 5 ಲಕ್ಷಕ್ಕೆ ಮುಗಿಯುತ್ತದೆ.

ಇನ್ನು ಅರ್ಜಿ ಹಾಕಲು 6 ತಿಂಗಳ ಗಡುವು ಬೇರೆ. 2022ರ ಏಪ್ರಿಲಿನಿಂದ ಬಂದ ಈ ಗಡುವನ್ನು ಪ್ರಶ್ನಿಸಿದ ಪ್ರಕರಣದಲ್ಲಿ, ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿ ವಜಾ ಮಾಡಬಾರದೆಂದು ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ನೀಡಿತು. ಹಾಗೆಂದು ಕೈಕಟ್ಟಿ ಕೂರುವುದು ಬೇಡ.

ಡ್ರೈವರನ ಪಾಡೇನು? ತಪ್ಪು ಅವನದೇ ಎಂದಾದರೆ, ಸತ್ತರೂ ಅವನ ಹೆಂಡತಿ ಮಕ್ಕಳಿಗೆ ಮೂರನೆಯವರಿಗೆ ಸಿಗುವ ಪರಿಹಾರ ಸಿಗುವುದಿಲ್ಲ. ನಿದ್ದೆಗಣ್ಣಿನಲ್ಲಿ ಗುದ್ದಿದ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆ ನಿದ್ದೆಗೆಡಿಸಿದವರು ಯಾರು? ದಿನಕ್ಕೆ 12 ಗಂಟೆಗಿಂತ ಹೆಚ್ಚು ಹೊತ್ತು ಡ್ರೈವರ್ ಲಾಗಿನ್ ಆಗಿರಬಾರದೆಂದು ಕೇಂದ್ರದ 2020ರ ಮಾರ್ಗಸೂಚಿಯೇ ಹೇಳಿತ್ತು. ಇನ್ನೂ ಎರಡು ಟ್ರಿಪ್ ಮಾಡಿದರೆ ಬೋನಸ್ ಎಂದು ಆಸೆ ತೋರಿಸುವ ಕಂಪನಿಗೆ ಈ ಸಾವಿನಲ್ಲಿ ಪಾಲಿಲ್ಲವೆ? ಕರ್ನಾಟಕ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದು, ಅವರಿಗೆ ಸಲ್ಲುವ ಪ್ರತಿ ಪಾವತಿಯ ಮೇಲೆ ಕಂಪನಿಗಳಿಂದ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯಲು ಮುಂದಾಗಿರುವುದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಕಲ್ಯಾಣ ಬೇರೆ, ಹೊಣೆ ಬೇರೆ. ಕಲ್ಯಾಣದ ಹೆಸರಿನಲ್ಲಿ ಒಂದಿಷ್ಟು ಕಾಸು ಕೊಟ್ಟು ಹೊಣೆಯಿಂದ ಪಾರಾಗುವುದಕ್ಕೆ ಬಿಡಬಾರದು.

ನಮ್ಮ ಬೇಡಿಕೆಗಳು ಸರಳ. ಡ್ರೈವರ್ ಲಾಗಿನ್ ಆದ ಕ್ಷಣದಿಂದ ಲಾಗೌಟ್ ಆಗುವವರೆಗೆ ಕಂಪನಿಯನ್ನೂ ಮಾಲೀಕನೊಂದಿಗೆ ಜಂಟಿ ಹೊಣೆಗಾರನೆಂದು ಕಾಯ್ದೆಯಲ್ಲಿ ಬರೆಯಬೇಕು. ಅಪಘಾತವಾದಾಗ ಡ್ರೈವರ್ ಎಷ್ಟು ಗಂಟೆಯಿಂದ ದುಡಿಯುತ್ತಿದ್ದ, ಎಷ್ಟು ವೇಗದಲ್ಲಿದ್ದ ಎಂಬ ದಾಖಲೆಯನ್ನು ಕಂಪನಿ ಕೇಳುವ ಮೊದಲೇ ನ್ಯಾಯಮಂಡಳಿಗೆ ಒಪ್ಪಿಸಬೇಕು. ತಪ್ಪು ಯಾರದೇ ಇರಲಿ, ಡ್ರೈವರನ ಕುಟುಂಬಕ್ಕೂ ಪರಿಹಾರ ಸಿಗಬೇಕು.

ಓದುಗರಿಗೂ ಒಂದು ಮಾತು. ಹಣೆಬರಹ, ಆಯುಸ್ಸು ಅಷ್ಟೇ ಇತ್ತು ಎಂದು ಸುಮ್ಮನಾಗುವುದು ನಮ್ಮಲ್ಲಿ ಜಾತಿ ಧರ್ಮಗಳನ್ನು ಮೀರಿದ ರೂಢಿ. ಪರಿಹಾರ ಕೇಳಿದರೆ ಹೆಣದ ದುಡ್ಡು ತಿಂದರು ಎಂದು ಆಡಿಕೊಳ್ಳುವ ನಾಲಿಗೆಗಳೂ ನಮ್ಮ ನಡುವೆಯೇ ಇವೆ. ಅದು ಹೆಣದ ದುಡ್ಡಲ್ಲ. ಅಪ್ಪನಿಲ್ಲದ ಮಕ್ಕಳ ಶಾಲೆಯ ಫೀಸು, ಮುದಿ ತಾಯಿಯ ಔಷಧಿ. ಆದ್ದರಿಂದ ಎಫ್‌ಐಆರ್ ಪ್ರತಿ, ಆಸ್ಪತ್ರೆಯ ಕಾಗದಗಳು, ಮೊಬೈಲಿನಲ್ಲಿರುವ ಬುಕ್ಕಿಂಗ್ ವಿವರ ಇವನ್ನು ಜೋಪಾನ ಮಾಡಿ. ವಕೀಲರನ್ನು ಕಾಣದೆ, ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ತಟ್ಟದೆ, ಯಾವ ಕಾಗದಕ್ಕೂ ರುಜು ಹಾಕಬೇಡಿ.

ಬಂದು ಮುಟ್ಟಿದ ಮೇಲೆ ಪ್ರಯಾಣ ಹೇಗಿತ್ತು ಎಂದು ಕೇಳಿ ಐದು ನಕ್ಷತ್ರ ಬೇಡುವ ಕಂಪನಿ, ಮುಟ್ಟದೇ ಹೋದವರ ಮನೆಗೆ ಬಂದು ಉತ್ತರ ಹೇಳುವುದನ್ನೂ ಕಲಿಯಬೇಕು. ತಾನಾಗಿ ಅದು ಕಲಿಯುವುದಿಲ್ಲ. ಕಲಿಸಬೇಕಾದವರು ನಾವು.