ಒಂದೇ ಕಲ್ಲು: ನೆಲದಲ್ಲಿ ತಂಪು, ಮಾಳಿಗೆಯಲ್ಲಿ ಝಳ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯ ಮಕ್ಕಳಿಗೆ ಬೇಸಿಗೆಯ ಮಧ್ಯಾಹ್ನ ಎಲ್ಲಿ ಕುಳಿತು ಓದಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಚಾಪೆ ಸರಿಸಿ ಬರೀ ಪರಸಿಯ ಮೇಲೆ ಕುಳಿತರೆ ಹಾಯೆನಿಸುತ್ತದೆ. ಅದೇ ಮನೆಯಲ್ಲಿ ರಾತ್ರಿ ಹತ್ತಾದರೂ ಮಾಳಿಗೆಯಿಂದ ಝಳ ಇಳಿಯುತ್ತಿರುತ್ತದೆ. ಹಳೆಯ ಹಲವು ಮನೆಗಳಲ್ಲಿ ಮೇಲೆ ಹೊದಿಸಿರುವುದೂ ಶಹಾಬಾದ್ ಕಲ್ಲನ್ನೇ. ಹಾಗಾದರೆ ಆ ಕಲ್ಲು ತಂಪೋ, ಬಿಸಿಯೋ?

ಎರಡೂ ಅಲ್ಲ. ಒಂದು ಪ್ರಯೋಗ ಮಾಡಿ. ರಾತ್ರಿ ನೆಲದ ಮೇಲೆ ಕೌದಿ ಹಾಸಿಟ್ಟು, ಬೆಳಿಗ್ಗೆ ಒಂದು ಪಾದ ಕೌದಿಯ ಮೇಲೆ, ಇನ್ನೊಂದು ಪಾದ ಪರಸಿಯ ಮೇಲೆ ಇಡಿ. ಎರಡರ ತಾಪವೂ ಹೆಚ್ಚುಕಡಿಮೆ ಒಂದೇ. ಆದರೂ ಕಲ್ಲೇ ತಣ್ಣಗೆನಿಸುತ್ತದೆ. ಕೌದಿಯೊಳಗೆ ಸಿಕ್ಕ ಗಾಳಿ ಪಾದದ ಉಷ್ಣವನ್ನು ದಾಟಗೊಡುವುದಿಲ್ಲ. ಸುಣ್ಣದ ಕಲ್ಲಾದರೋ ಮರಕ್ಕಿಂತಲೂ ಸುಮಾರು 10 ಪಟ್ಟು ಚೆನ್ನಾಗಿ ಉಷ್ಣವನ್ನು ಸಾಗಿಸಿ, ಕೆಳಗಿನ ತಣ್ಣನೆಯ ಮಣ್ಣಿಗೆ ಒಪ್ಪಿಸುತ್ತದೆ.

ಕೊರಿಯಾದ ಜನ ಕಲ್ಲಿನ ಇದೇ ಗುಣವನ್ನು ಚಳಿ ಓಡಿಸಲು ಬಳಸಿದರು. ಅಲ್ಲಿನ ‘ಒಂಡೋಲ್’ ಮನೆಗಳಲ್ಲಿ ಒಲೆಯ ಬಿಸಿ ಹೊಗೆ ನೆಲದಡಿಯ ಕಾಲುವೆಗಳಲ್ಲಿ ಹರಿದು, ಚಪ್ಪಡಿಗಳನ್ನು ಕಾಯಿಸಿ, ಆಚೆ ಬದಿಯ ಚಿಮಣಿಯಿಂದ ಹೊರಬೀಳುತ್ತಿತ್ತು. ಈಗ ಚಳಿ ದೇಶಗಳಲ್ಲಿ ನೆಲದೊಳಗೆ ಕೊಳವೆ ಹುದುಗಿಸಿ ಬಿಸಿನೀರು ಹರಿಸುತ್ತಾರೆ. ಯುರೋಪಿನ ನಿಯಮದಂತೆ ಜನ ಓಡಾಡುವ ಭಾಗದಲ್ಲಿ ನೆಲದ ತಾಪ 29 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಅಷ್ಟು ಬೆಚ್ಚಗಿದ್ದರೂ ಸಾಕು, ಇಡೀ ನೆಲವೇ ವಿಕಿರಣದ ಮೂಲಕ ಉಷ್ಣವನ್ನು ಸೂಸಿ ಮೈಗೆ ಹಿತ ಕೊಡುತ್ತದೆ.

ನಮ್ಮ ಮಾಳಿಗೆ ಮಾಡುವುದೂ ಇದನ್ನೇ, ಆದರೆ ಬೇಡದ ಕಾಲದಲ್ಲಿ. ಹಗಲೆಲ್ಲ ಬಿಸಿಲುಂಡ ಕಲ್ಲು ರಾತ್ರಿ ಆ ಉಷ್ಣವನ್ನು ನಮ್ಮ ಮೇಲೆ ಸೂಸುತ್ತದೆ. ಫ್ಯಾನು ಗಾಳಿಯನ್ನು ಆಡಿಸುತ್ತದೆಯೇ ಹೊರತು ವಿಕಿರಣವನ್ನು ತಡೆಯುವುದಿಲ್ಲ. ಮಕ್ಕಳ ನಿದ್ದೆ ಕೆಡುತ್ತದೆ, ಓದು ತಲೆಗೆ ಹತ್ತುವುದಿಲ್ಲ. ಹಸುಗೂಸುಗಳಿಗೂ ವಯಸ್ಸಾದವರಿಗೂ ಈ ಸೆಕೆ ಪ್ರಾಣಕ್ಕೇ ಅಪಾಯ ತರಬಹುದು.

ಪಾಲಕರೇ, ಇದಕ್ಕೆ ಮದ್ದು ಊರಲ್ಲೇ ಇದೆ. ಬೇಸಿಗೆಗೆ ಮುನ್ನ ಮಾಳಿಗೆಯ ಮೇಲೆ ದಟ್ಟವಾಗಿ ಸುಣ್ಣ ಬಳಿಯಿರಿ. ಬಿಳುಪು ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಮಳೆಗೆ ತೊಳೆದುಹೋಗುವುದರಿಂದ ವರ್ಷವೂ ಬಳಿಯಬೇಕು, ಅಷ್ಟೆ. ನೆರೆಯ ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಮಾಳಿಗೆಗಳಿಗೆಂದೇ ಒಂದು ನೀತಿಯನ್ನು ಪ್ರಕಟಿಸಿದೆ.

ಮಕ್ಕಳೇ, ಆ ಸುಣ್ಣವಾದರೂ ಏನು? ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟು, ನೀರು ಹಾಕಿ ಅರಳಿಸಿದ್ದು. ಬಳಿದ ಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಅದು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅಂದರೆ ನಿಮ್ಮ ಕಾಲಡಿಯ ಪರಸಿಯಲ್ಲಿ ಮುಖ್ಯವಾಗಿ ಇರುವ ವಸ್ತುವೇ! ಈ ರಜೆಯಲ್ಲಿ ಕುಂಚ ಹಿಡಿದು ಮಾಳಿಗೆ ಹತ್ತಿ. ಬೆಳಗಿನ ಹೊತ್ತು ಮಾತ್ರ, ಮತ್ತು ಹಿರಿಯರ ಜೊತೆಯಲ್ಲಿ.